ನರ್ಗಿಸ್ ಪಾತಿಯಲ್ಲಿ ಬಸಳೆ

ಮೈಮೂನಾ, ಆ ಚಳಿಗಾಲದಲ್ಲಿ ನಿನ್ನ ನರ್ಗಿಸ್ ಗಡ್ಡೆಗಳು ತಾವಾಗಿ ಚಿಗುರಿ ಬಂದದ್ದಲ್ಲ. ನೀನು ನೆಟ್ಟವನ್ನು ನಾನು ಕಿತ್ತಿದ್ದೆ, ಕೊಳೆಸಿದ್ದೆ, ಕಸದ ಡಬ್ಬಿಗೆ ಹಾಕಿದ್ದೆ. ನೀನು ನೋಡಿ ಅತ್ತ ಆ ಹೂಗಳು ಬೇರೆಯವು — ನೀನು ಮನೆಯಲ್ಲಿಲ್ಲದ ಒಂದು ಶುಕ್ರವಾರ ನಾನೇ ಗುಟ್ಟಾಗಿ ನೆಟ್ಟವು.

ಬರೆದಾಯಿತು. ಇಷ್ಟು ಹೇಳಲು ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು ನೋಡು, ಬಾಯಿಬಡುಕಿ ಎಂದು ಕ್ವಾರ್ಟರ್ಸಿನಲ್ಲೆಲ್ಲ ಹೆಸರು ಮಾಡಿದ್ದ ಈ ಜಲಜಳಿಗೆ.

ಈಗ ಯಾಕೆ ಎಂದು ನೀನು ಕೇಳುತ್ತೀ. ಮೊನ್ನೆ ನೀನೇ ಫೋನ್ ಮಾಡಿದ್ದಕ್ಕೆ. ಮಗಳು ಶಮೀನಾಳಿಗೆ ಹೊಟ್ಟೆಯಲ್ಲಿದ್ದ ಮಗು ಹೋದದ್ದು, ಅವಳು ಗಂಡನ ಮನೆಗೆ ಹೋಗದೆ, ಸರಿಯಾಗಿ ಊಟ ಮಾಡದೆ ನಿನ್ನ ಮನೆಯ ಒಳಕೋಣೆಯಲ್ಲಿ ಮಲಗಿರುವುದು — ಎಲ್ಲ ಹೇಳಿದೆ. ಅವಳಿಗೆ ಧೈರ್ಯ ಬರಲೆಂದು, ನಾವು ಸೌದಿಯ ಅಲ್ ಖರ್ಜ್‌ನಲ್ಲಿದ್ದಾಗಿನ ಆ ನರ್ಗಿಸಿನ ಕಥೆ ಹೇಳಿದ್ದೀಯಂತೆ. ಯಾರ ಕೈಯಲ್ಲೋ ಗಡ್ಡೆ ತರಿಸಿ ಅವಳಿಂದಲೇ ಕುಂಡದಲ್ಲಿ ನೆಡಿಸಿದ್ದೀಯಂತೆ. ಅವಳೀಗ ಆ ಕುಂಡವನ್ನೇ ನೋಡುತ್ತ ಕೂತಿರುತ್ತಾಳಂತೆ. ಆಮೇಲೆ ಹೇಳಿದೆ: "ನನ್ನ ಮಾತು ಅವಳು ನಂಬುದಿಲ್ಲ ಜಲಜಕ್ಕ. ನೀವು ಕಣ್ಣಾರೆ ನೋಡಿದವರು. ಬರುವ ವಾರ ನಿಮ್ಮಲ್ಲಿಗೆ ಕಳಿಸ್ತೇನೆ, ನೀವೇ ಹೇಳಿ ಅವಳಿಗೆ."

ಕಳಿಸು ಎಂದೆ. ಫೋನ್ ಇಟ್ಟ ಮೇಲೆ ಎದೆ ಡವಡವ ಎಂದಿತು. ಸೊಸೆ ಬಂದು ಬಿ.ಪಿ. ಮಾತ್ರೆ ತಗೊಂಡಿರಾ ಅತ್ತೆ ಎಂದು ಕೇಳಿದಳು. ಮಾತ್ರೆಯಿಂದ ಇಳಿಯುವ ಡವಡವ ಅದಾಗಿರಲಿಲ್ಲ. ನಮ್ಮ ಕರಾವಳಿಯ ಜಿಗುಟು ಮಣ್ಣಿನಲ್ಲಿ, ಈ ಸೆಕೆಯಲ್ಲಿ ಆ ಗಡ್ಡೆ ಹೂ ಬಿಡುವುದು ಕಷ್ಟ. ಒಂದು ವೇಳೆ ಆ ಕುಂಡದಲ್ಲಿ ಏನೂ ಬಾರದೆ ಹೋದರೆ — ಅಮ್ಮನಿಗೆ ಬಂದದ್ದು ತನಗೆ ಬರಲಿಲ್ಲ ಎಂದು ಆ ಹುಡುಗಿ ತಿಳಿದುಕೊಂಡರೆ —

ಅದಕ್ಕೇ ಅವಳು ಬರುವ ಮೊದಲು ಇದು ನಿನ್ನ ಕೈ ಸೇರಬೇಕು. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರ ಮಾಡಬೇಡ. ನಿನಗೆ ಗೊತ್ತಿರುವ ಸಂಗತಿಗಳ ನಡುವೆಯೇ ಗೊತ್ತಿಲ್ಲದ್ದನ್ನು ನಾನು ಅಡಗಿಸಿಟ್ಟದ್ದು.

ನೀನು ಮದುವೆಯಾಗಿ ಆ ಡೈರಿ ಫಾರ್ಮಿಗೆ ಬಂದಾಗ ನಾನು ಅಲ್ಲಿ ಹಳಬಳು. ನಮ್ಮವರೂ ನಿನ್ನ ಹಂಝನೂ ಒಂದೇ ವರ್ಕ್‌ಶಾಪಿನಲ್ಲಿ ಹಾಲು ಕರೆಯುವ ಯಂತ್ರ ರಿಪೇರಿ ಮಾಡುವವರು. ಎರಡು ಮನೆಗಳಿಗೆ ಒಂದೇ ಅಂಗಳ, ಸುತ್ತ ಆಳೆತ್ತರದ ಗೋಡೆ. ಗಂಡಸರು ಕೆಲಸಕ್ಕೆ ಹೋದರೆ ಆ ಗೋಡೆಯೊಳಗೆ ನಾವಿಬ್ಬರೇ. ನನಗೆ ತುಳು ಬಾರದು, ನಿನ್ನ ಬ್ಯಾರಿ ಭಾಷೆಯಂತೂ ಮೊದಲೇ ಬಾರದು. ನನ್ನ ಕುಂದಾಪುರದ ಮಾತು ಕೇಳಿದರೆ ನಿನಗೆ ನಗು. ಕಡೆಗೆ ಇಬ್ಬರೂ ಶಾಲೆಯಲ್ಲಿ ಕಲಿತ ಕನ್ನಡಕ್ಕೇ ಒಂದಷ್ಟು ಮಂಗಳೂರು ಸೇರಿಸಿ ಮಾತಾಡಿಕೊಂಡೆವು. ನನ್ನ ಮಕ್ಕಳಿಬ್ಬರು ಊರಿನ ಅಜ್ಜಿಮನೆಯಲ್ಲಿ ಓದುತ್ತಿದ್ದರು. ನನ್ನ ಕೈಗೆ ಕೆಲಸವಿರಲಿಲ್ಲ, ಮನಸ್ಸಿಗೂ ಇರಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅಂಗಳ ಹೇಗಿತ್ತು ಎಂದು ಹೇಳುವಾಗ ಅದೂ ಬಂತು, ಅಷ್ಟೆ.

ಅಂಗಳದಲ್ಲಿ ನನ್ನ ಕಡೆಗೆ ಸಿಮೆಂಟು. ನಿನ್ನ ಕಿಟಕಿಯ ಕೆಳಗೆ ಮಾತ್ರ ಒಂದು ಸಪೂರ ಪಾತಿಯಷ್ಟು ಮಣ್ಣು. ಪಶುವೈದ್ಯರ ಹೆಂಡತಿ ಉಮ್ಮು ಖಾಲಿದ್ — ಪ್ಯಾಲೆಸ್ಟೀನಿನವಳು, ನಗುವಾಗ ನಮ್ಮ ಕೈಮೇಲೆ ಬಡಿದು ನಗುವವಳು — ನಿನಗೆ ಆ ಗಡ್ಡೆಗಳನ್ನು ಕೊಟ್ಟಿದ್ದಳು. ಸಣ್ಣ ನೀರುಳ್ಳಿಯಂತೆ ಕಂದು ಸಿಪ್ಪೆ. ಚಳಿ ಶುರುವಾಗುವ ಹೊತ್ತಿಗೆ ನೀನು ಅವನ್ನು ಆ ಪಾತಿಯಲ್ಲಿ ಊರಿದೆ. ಎಲೆ ಬಂತು, ದಂಟು ಬಂತು, ಒಂದು ಬೆಳಿಗ್ಗೆ ನೋಡಿದರೆ ಗೊಂಚಲು ಹೂ! ಬಿಳಿ ಎಸಳು, ನಡುವೆ ಹಳದಿ ಬಟ್ಟಲು. ಆ ಮರಳುಗಾಡಿನಲ್ಲಿ ಮುಖಕ್ಕೆ ಹೊಡೆಯುವಂಥ ಪರಿಮಳ. ಕ್ವಾರ್ಟರ್ಸಿನ ಹೆಂಗಸರೆಲ್ಲ ನೋಡಲು ಬಂದರು. ನಾನು ಚಹಾ ಮಾಡಿ ಕೊಟ್ಟೆ, ಬಂದವರಿಗೆಲ್ಲ ನಗುನಗುತ್ತ ತೋರಿಸಿದೆ. ಒಳಗೆ ಹೊಟ್ಟೆ ಉರಿಯುತ್ತಿತ್ತು ಮೈಮೂನಾ. ನೀರು ಹೊಯ್ಯುವ ಕಷ್ಟವಿಲ್ಲ, ಗೊಬ್ಬರವಿಲ್ಲ, ಏನೂ ಮಾಡದೆ ಕೂತವಳಿಗೆ ಇಷ್ಟು ಹೂ. ನಿನ್ನೆ ಮೊನ್ನೆ ಬಂದ ಹುಡುಗಿಗೆ! ಅಂಥ ಸಣ್ಣ ಮನಸ್ಸು ನನ್ನದು ಎಂದು ಆಗಲೇ ಗೊತ್ತಾಯಿತು. ಗೊತ್ತಾದರೂ ಅದು ಹೋಗಲಿಲ್ಲ.

ಹೂ ಮುಗಿದು ಎಲೆ ಹಳದಿಯಾಗುವ ಹೊತ್ತಿಗೆ ನಿನಗೆ ತುಂಬು ಬಸುರಿನ ದಿನಗಳು ಹತ್ತಿರವಾಗಿದ್ದವು. ಚೊಚ್ಚಲ ಹೆರಿಗೆ, ತಾಯಿಮನೆಗೆ ಹೊರಟೆ. ಕಾರು ಹತ್ತುವ ಮೊದಲು ಆ ಪಾತಿಯ ಹತ್ತಿರ ನಿಂತು ನೀನು ಹೇಳಿದ್ದು ನನಗೆ ಒಂದಕ್ಷರ ಮರೆತಿಲ್ಲ.

"ಜಲಜಕ್ಕ, ಇದಕ್ಕೆ ನೀವು ಎಂತದೂ ಮಾಡ್ಬೇಡಿ. ನೀರೂ ಬೇಡ. ಹಾಗೇ ಬಿಟ್ರೆ ಅದೇ ಬರ್ತದೆ."

ಎಷ್ಟು ಸುಲಭದ ಕೆಲಸ ಕೊಟ್ಟಿದ್ದೆ ನೋಡು! ಏನೂ ಮಾಡದೆ ಇರುವುದು. ಅದೊಂದೇ ನನ್ನಿಂದ ಆಗಲಿಲ್ಲ.

ಬೇಸಿಗೆ ಬಿರುಸಾಗುವಾಗ ನಮ್ಮವರು ರಜೆ ಮುಗಿಸಿ ಊರಿನಿಂದ ಬಂದರು. ಪೆಟ್ಟಿಗೆಯಲ್ಲಿ ಬಾಳೆಯ ಒದ್ದೆ ಪಟ್ಟೆಯೊಳಗೆ ಸುತ್ತಿದ ಬಸಳೆಯ ಬಳ್ಳಿ. ನಾನೇ ಹೇಳಿ ಕಳಿಸಿದ್ದೆ. ನಮ್ಮ ಕಡೆಯ ಹೆಂಗಸಿಗೆ ಒಂದು ಬಸಳೆ ಚಪ್ಪರ ಇಲ್ಲದಿದ್ದರೆ ಅದು ಮನೆಯೇ ಅಲ್ಲ, ನಿನಗೂ ಗೊತ್ತಲ್ಲ. ನೆಡಲು ಮಣ್ಣು ಎಲ್ಲಿ? ನಿನ್ನ ಪಾತಿ ನೋಡಿದರೆ ಎಲೆಯೆಲ್ಲ ಒಣಗಿ ಗಾಳಿಗೆ ಹಾರಿಹೋಗಿ, ಬರೀ ಬೋಳು ನೆಲ. ಕಿಟಕಿಯಲ್ಲಿದ್ದ ಕೂಲರಿನ ನೀರು ಪಾತಿಗೆ ತೊಟ್ಟಿಕ್ಕದ ಹಾಗೆ ಹಂಝ ಒಂದು ರಬ್ಬರ್ ಪೈಪ್ ಕಟ್ಟಿ ಗೋಡೆಯಾಚೆ ಬಿಟ್ಟಿದ್ದ. ಇಷ್ಟು ನೀರು ದಂಡ ಹೋಗುತ್ತಿದೆಯಲ್ಲ ಎಂದು ನನಗೆ ದಿನವೂ ಕೈ ತುರಿಸುತ್ತಿತ್ತು. ಒಂದು ದಿನ ಪೈಪನ್ನು ಪಾತಿಗೆ ತಿರುಗಿಸಿದೆ. ಮಾರನೆಯ ದಿನ ಮಣ್ಣು ಅಗೆದೆ.

ಗಡ್ಡೆಗಳು ಸಿಕ್ಕವು. ಮರೆತು ಅಗೆದೆ ಎಂದು ಹೇಳಲು ನನಗೆ ದಾರಿಯಿಲ್ಲ — ಅವು ಅಲ್ಲಿವೆ ಎಂದು ಗೊತ್ತಿದ್ದೇ ಅಗೆದದ್ದು. ಬಸಳೆಗೆ ಜಾಗ ಆಗಲಿ, ಇವನ್ನು ಜೋಪಾನವಾಗಿ ಇಟ್ಟು ಚಳಿಗೆ ಮೊದಲು ಮತ್ತೆ ಊರಿದರಾಯಿತು ಎಂದುಕೊಂಡೆ. ಆ ಜೋಪಾನದ ಕಥೆ ಕೇಳು. ನಾವು ಬೆಳೆದ ಊರಿನಲ್ಲಿ ಒಣಗಿದ್ದು ಎಂದರೆ ಸತ್ತದ್ದು. ಮಲ್ಲಿಗೆಯಾದರೆ ಒದ್ದೆ ಬಾಳೆಲೆಯಲ್ಲಿ ಸುತ್ತುತ್ತೇವೆ, ವೀಳ್ಯದೆಲೆಗೆ ನೀರು ಚಿಮುಕಿಸುತ್ತೇವೆ, ಬಳ್ಳಿಯಾದರೆ ಒದ್ದೆ ಪಟ್ಟೆ. ನಾನೂ ಹಾಗೇ ಮಾಡಿದೆ. ನಿನ್ನ ಗಡ್ಡೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ, ನೀರಿನ ಟ್ಯಾಂಕಿಯ ನೆರಳಿನಲ್ಲಿ ಇಟ್ಟೆ. ಆಗಾಗ ನೆನಪಾದಾಗ ಬಿಚ್ಚಿ ಎರಡು ಹನಿ ನೀರು ಬೇರೆ. ಅದರ ಮೇಲೆ ಅಲ್ ಖರ್ಜ್‌ನ ಬಿಸಿಲು. ಹಾಗೇ ಮಣ್ಣಿನ ಮೇಲೆ ಎಸೆದಿದ್ದರೂ ಬದುಕುತ್ತಿದ್ದವೇನೋ. ನನ್ನ ಉಪಚಾರ ಅವನ್ನು ಕೊಂದಿತು.

ಒಂದು ದಿನ ಚೀಲ ಬಿಚ್ಚಿದಾಗ ಒಳಗೆ ಬರೀ ಲೋಳೆ, ತಡೆಯಲಾಗದ ನಾತ. ಬಟ್ಟೆಯ ಸಮೇತ ಕಸದ ಡಬ್ಬಿಗೆ ಹಾಕಿದೆ. ಕೈ ತೊಳೆದುಕೊಂಡೆ. ಮೈಮೂನಾ ಬಂದಾಗ ಹೇಳಿದರಾಯಿತು, ಎರಡು ದಿನ ಸಿಟ್ಟು ಮಾಡುತ್ತಾಳೆ, ಅಷ್ಟೇ ತಾನೇ ಎಂದುಕೊಂಡೆ.

ಬಸಳೆಯೋ — ಅಯ್ಯೋ, ಏನು ಬಸಳೆ ಅದು! ಕೂಲರಿನ ನೀರು, ಫಾರ್ಮಿನ ಸೆಗಣಿ ಗೊಬ್ಬರ, ಕೇಳಬೇಕೇ? ಎಲೆ ಅಂಗೈಯಗಲ. ಮರಳುಗಾಡಿನಲ್ಲಿ ಬಸಳೆ ಬೆಳೆದ ಜಲಜಕ್ಕ ಎಂದು ನನ್ನ ಹೆಸರು ರಿಯಾದಿನವರೆಗೂ ಹೋಯಿತು. ನೀನು ಊರಲ್ಲಿದ್ದಾಗ ಹಂಝನಿಗೆ ಮಧ್ಯಾಹ್ನದ ಊಟ ನಮ್ಮಲ್ಲೇ. ಒಣಸಿಗಡಿ ಹಾಕಿದ ಬಸಳೆ ಪದಾರ್ಥ ಬಡಿಸಿದ್ದೆ. ಎರಡನೆಯ ಸಲ ಕೇಳಿ ಹಾಕಿಸಿಕೊಂಡ. ಅಷ್ಟರಲ್ಲಿ ಆಫೀಸಿನ ಡ್ರೈವರ್ ಬಂದು, ಊರಿನಿಂದ ಫೋನ್ ಬಂದಿದೆ, ಯಲ್ಲಾ, ಬೇಗ ಬಾ ಎಂದು ಕರೆದ. ಹಂಝ ಕೈ ತೊಳೆಯದೆ ಓಡಿದ. ಗಂಡುಮಗು, ಸ್ವಲ್ಪ ಹೊತ್ತು ಉಸಿರಾಡಿ ನಿಂತುಹೋಯಿತು ಎಂದು ತಿಳಿಯಿತು. ಅವನ ಬಟ್ಟಲಿನಲ್ಲಿ ಉಳಿದಿದ್ದ ಬಸಳೆಯನ್ನು ನೋಡುತ್ತ ನಾನು ನಿಂತಿದ್ದೆ. ನಿನ್ನ ಪಾತಿಯದ್ದು ಅದು.

ಬೇಸಿಗೆ ಇಳಿದ ಮೇಲೆ ನೀನು ಬಂದೆ. ಕಾರಿನಿಂದ ಇಳಿದವಳನ್ನು ನೋಡಿ ಗುರುತು ಸಿಗಲಿಲ್ಲ ಎಂದರೆ ಸುಳ್ಳಲ್ಲ. ಕುತ್ತಿಗೆ ಮೂಳೆ ಎದ್ದಿತ್ತು. ನನ್ನನ್ನು ತಬ್ಬಿಕೊಂಡೆ, ಅಳಲಿಲ್ಲ. ಒಳಗೆ ಹೋಗುವ ಮೊದಲು ಚಪ್ಪರದ ಮುಂದೆ ನಿಂತೆ. ಬಳ್ಳಿಯ ಬುಡವನ್ನು ನೋಡಿದೆ.

"ಜಲಜಕ್ಕ, ಇದರ ಅಡಿಯಲ್ಲಿ ನನ್ನ ಗಡ್ಡೆ ಉಂಟಲ್ಲ?"

"ಉಂಟು ಮಾರಾಯ್ತಿ. ಅದೆಲ್ಲಿಗೆ ಹೋಗ್ತದೆ?"

ಇದೇ ನನ್ನ ಮೊದಲ ಸುಳ್ಳು. ಗಡ್ಡೆ ಕೊಳೆಸಿದ್ದು ಅವಿವೇಕ. ಅದನ್ನು ಯಾರೂ ಕ್ಷಮಿಸಬಹುದು. ಆದರೆ ನಿನ್ನ ಮುಖ ನೋಡಿಕೊಂಡು, ನಗುತ್ತ, ಅಷ್ಟು ಸಲೀಸಾಗಿ — ನಾಲಿಗೆ ಒಂದು ಕ್ಷಣ ತಡವರಿಸಲೂ ಇಲ್ಲ. ನಿನಗೆ ಈಗ ನೋವು ಕೊಡುವುದು ಬೇಡ ಎಂದು ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಅದಲ್ಲ. ನಿನ್ನ ಕಣ್ಣಲ್ಲಿ ನಾನು ಕೆಟ್ಟವಳಾಗುವುದು ನನಗೆ ಬೇಡವಾಗಿತ್ತು.

ನಾಲ್ಕು ದಿನ ಕಳೆದ ಮೇಲೆ ಅಂಗಳದಲ್ಲಿ ಬಟ್ಟೆ ಹರವುತ್ತ ನೀನು ಮನಸ್ಸು ಬಿಚ್ಚಿದೆ. ನಿಮ್ಮಲ್ಲಿ ಹೆಂಗಸರು ಕಬರಸ್ತಾನಕ್ಕೆ ಹೋಗುವ ಪದ್ಧತಿಯಿಲ್ಲ, ಮಗುವನ್ನು ಎಲ್ಲಿ ಮಲಗಿಸಿದರೆಂದು ನೋಡಲೂ ಆಗಲಿಲ್ಲ ಎಂದೆ. ಶಕುನ ನೋಡುವುದು ತಪ್ಪೆಂದು ಗೊತ್ತುಂಟು, ಆದರೂ ಮನಸ್ಸು ಕೇಳುವುದಿಲ್ಲ ಎಂದೆ. ಆಮೇಲೆ ಪಾತಿಯ ಕಡೆ ಕೈ ತೋರಿಸಿದೆ.

"ನಾನು ಮಣ್ಣಿಗೆ ಕೊಟ್ಟದ್ರಲ್ಲಿ ಒಂದಾದ್ರೂ ಹಿಂದೆ ಬರ್ತದಾ ಅಂತ ನೋಡ್ಬೇಕು ಜಲಜಕ್ಕ. ಚಳಿ ಮುಗಿಯುವವರೆಗೆ ಕಾಯ್ತೇನೆ. ಬರದಿದ್ರೆ ಊರಿಗೆ ಹೋಗ್ತೇನೆ, ಮತ್ತೆ ಇಲ್ಲಿಗೆ ಬರುದಿಲ್ಲ. ಹಂಝಾಕನಿಗೂ ಹೇಳಿ ಆಗಿದೆ."

ನನ್ನ ಕೈಯಲ್ಲಿದ್ದ ಒದ್ದೆ ಸೀರೆ ಹಾಗೇ ಉಳಿಯಿತು. ಆಗ ಹೇಳಬೇಕಿತ್ತು. ಆಗಲೇ ಹೇಳಬೇಕಿತ್ತು — ಹೇಳಿದ್ದರೆ ನೀನು ಆ ಸಂಜೆಯೇ ಪೆಟ್ಟಿಗೆ ಕಟ್ಟುತ್ತೀ ಎಂದು ಹೆದರಿದೆ. ಹಂಝ ಏನಾಗುತ್ತಾನೆ ಎಂದು ಹೆದರಿದೆ. ಆ ಗೋಡೆಯೊಳಗೆ ನಾನೊಬ್ಬಳೇ ಉಳಿಯುತ್ತೇನೆ ಎಂದೂ ಹೆದರಿದೆ. ಯಾವ ಹೆದರಿಕೆ ಎಷ್ಟು ದೊಡ್ಡದಿತ್ತು ಎಂದು ಈಗ ತೂಗಿ ಹೇಳಲಾರೆ.

ಮಾರನೆಯ ದಿನ ಏನೋ ನೆವ ಹೇಳಿ ನಮ್ಮವರ ಪಿಕಪ್ಪಿನಲ್ಲಿ ಉಮ್ಮು ಖಾಲಿದಳ ಮನೆಗೆ ಹೋದೆ. ಫಾರ್ಮಿನ ಆ ತುದಿಯಲ್ಲಿ ಮನೆ, ಅವಳದೇ ಒಂದು ತೋಟ. ನನ್ನ ಅಡುಗೆಮನೆಯ ಅರಬಿಯಲ್ಲಿ, ಅವಳ ಅರೆಬರೆ ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ಎಲ್ಲವನ್ನೂ ಹೇಳಿದೆ. ಈವರೆಗೆ ನಿಜ ಗೊತ್ತಿದ್ದದ್ದು ಅವಳೊಬ್ಬಳಿಗೇ. ಒದ್ದೆ ಬಟ್ಟೆಯ ಸಂಗತಿ ಕೇಳಿ ತಲೆ ಚಚ್ಚಿಕೊಂಡಳು. ಒಣಗುವುದು ಇದರ ನಿದ್ದೆ, ನಿದ್ದೆಯಲ್ಲಿದ್ದವರ ಬಾಯಿಗೆ ಯಾರಾದರೂ ನೀರು ಹೊಯ್ಯುತ್ತಾರೆಯೇ ಎಂದಳು. ಆಮೇಲೆ ಮಣ್ಣಿನಲ್ಲಿ ಕೂತು ತೋರಿಸಿಕೊಟ್ಟಳು: ಚೂಪು ತುದಿ ಮೇಲೆ, ಗಡ್ಡೆಯ ಎತ್ತರಕ್ಕಿಂತ ಹೆಚ್ಚೇ ಆಳ, ಚಿಗುರು ಕಂಡ ಮೇಲೆ ಅಷ್ಟಿಷ್ಟು ನೀರು. ಹೂ ಮುಗಿದರೂ ಎಲೆಯನ್ನು ಕತ್ತರಿಸಬಾರದು. ಅದು ಹಳದಿಯಾಗುವವರೆಗೆ ಗಡ್ಡೆಗೆ ಊಟ ಕಳಿಸುತ್ತಿರುತ್ತದೆ. ಬೇಸಿಗೆಯಿಡೀ ಮುಟ್ಟಬಾರದು. ಅಷ್ಟು ಮಾಡಿದರೆ ತಾಯಿಗಡ್ಡೆಯ ಸುತ್ತ ಮರಿಗಡ್ಡೆ ಹುಟ್ಟಿ, ವರ್ಷ ವರ್ಷ ತಾನಾಗಿ ಬರುತ್ತಲೇ ಇರುತ್ತದೆ.

ಅವಳಲ್ಲಿ ನಿನಗೆ ಕೊಟ್ಟ ಬಗೆಯದು ಮುಗಿದಿತ್ತು. ಬೇರೆ ಬಗೆಯದೊಂದು ಇತ್ತು. ಎಸಳು ಒತ್ತೊತ್ತಾಗಿ ಬರುವಂಥದ್ದು, ಬಟ್ಟಲಿಲ್ಲ. ಅದನ್ನೇ ಅಗೆದು ಕೊಟ್ಟಳು. ಕೊಡುವಾಗ ನನ್ನ ಕೈ ಹಿಡಿದುಕೊಂಡು ಒಂದು ಮಾತು ತೆಗೆದುಕೊಂಡಳು — ಹೂ ಅರಳುವ ಮೊದಲು ಮೈಮೂನಾಳಿಗೆ ನಿಜ ಹೇಳಬೇಕು. ಚಿಗುರು ಬಂದು ಅವಳು ಸ್ವಲ್ಪ ಗಟ್ಟಿಯಾಗಲಿ, ಆದರೆ ಹೂವಿಗೆ ಮೊದಲು. ಹೇಳುತ್ತೇನೆ ಎಂದೆ.

ಆ ಶುಕ್ರವಾರ ಹಂಝ ನಿನ್ನನ್ನು ಒತ್ತಾಯ ಮಾಡಿ ರಿಯಾದಿಗೆ ಕರೆದುಕೊಂಡು ಹೋದ. ನಿಮ್ಮ ಕಾರು ಗೇಟು ದಾಟಿದ್ದೇ ನಾನು ಬಸಳೆಯನ್ನು ಬುಡದಿಂದ ಕಿತ್ತೆ. ಅಳು ಬಂತು. ನಿನಗಾಗಿ ಅತ್ತೆ ಎಂದು ಬರೆಯಬಹುದಿತ್ತು, ಆದರೆ ಬಸಳೆಗಾಗಿಯೇ ಅತ್ತದ್ದು! ಒದ್ದೆ ಮಣ್ಣನ್ನು ಎತ್ತಿ ಹೊರಗೆ ಹಾಕಿ ಒಣ ಮರಳು ತುಂಬಿದೆ, ಗಡ್ಡೆ ಊರಿದೆ, ಪೈಪನ್ನು ಮತ್ತೆ ಗೋಡೆಯಾಚೆ ಬಿಟ್ಟೆ. ಸಂಜೆ ನೀನು ಕೇಳಿದಾಗ ಬಳ್ಳಿಯ ಬುಡಕ್ಕೆ ಹುಳ ಹಿಡಿದಿತ್ತು, ಕಿತ್ತೆ ಎಂದೆ. ಅದು ಎರಡನೆಯ ಸುಳ್ಳು.

ಆಮೇಲೆ ನಾವಿಬ್ಬರೂ ಕಾದೆವು. ನೀನು ಹೊರಗೆ ಕಾದೆ, ನಾನು ಕಿಟಕಿಯ ಹಿಂದಿನಿಂದ. ಆ ದಿನಗಳನ್ನು ನಾನು ಬಹಳ ಸಲ ನೆನೆದಿದ್ದೇನೆ. ಮೊದಮೊದಲು ನೀನು ಬರೀ ಬೋಳು ನೆಲ ನೋಡುತ್ತ ಕೂರುತ್ತಿದ್ದೆ. ಆಮೇಲೆ ಬಿಸಿಲು ಕಾಯಲೆಂದು ಚಾಪೆ ತಂದುಕೊಂಡೆ. ಆಮೇಲೆ ಕಿತ್ತಳೆ ಹಣ್ಣು. ನೀನೇ ಸುಲಿದು ನನಗೊಂದು ಹೋಳು, ನಿನಗೊಂದು ಹೋಳು. ಒಂದು ದಿನ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಬಂದೆ. ಇನ್ನೊಂದು ದಿನ ಹಂಝನ ಅಂಗಿಯ ಗ್ರೀಸ್ ಕಲೆ ಹಿಡಿದು ಅವನಿಗೆ ಸರಿಯಾಗಿ ಬೈದೆ. ಅವನು ಬೈಸಿಕೊಂಡು ಹೊರಬಂದವನು ನನ್ನನ್ನು ನೋಡಿ ಕಣ್ಣು ತುಂಬಿಕೊಂಡು ನಕ್ಕ. ಆಗ ಮಣ್ಣಿನ ಮೇಲೆ ಇನ್ನೂ ಏನೂ ಕಂಡಿರಲಿಲ್ಲ.

ಚಿಗುರು ಬಂತು. ನೀನು ಕರೆದ ಕೂಗಿಗೆ ನಾನು ಒಗ್ಗರಣೆ ಬಿಟ್ಟು ಓಡಿ ಬಂದೆ. ನೀನು ನೆಲಕ್ಕೆ ಮುಖ ತಗ್ಗಿಸಿ ಆ ಹಸಿರು ಮೊನೆಯನ್ನು ಮುಟ್ಟದೆ ನೋಡುತ್ತಿದ್ದೆ. ಇನ್ನು ಹೇಳಬೇಕು ಎಂದುಕೊಂಡೆ. ಎಲೆ ಬಂತು, ನಾಳೆ ಎಂದುಕೊಂಡೆ. ದಂಟು ಬಂತು. ಉಮ್ಮು ಖಾಲಿದ್ ಸಿಕ್ಕಾಗಲೆಲ್ಲ ಹುಬ್ಬೇರಿಸಿ ಕೇಳುತ್ತಿದ್ದಳು, ನಾನು ನೆಲ ನೋಡುತ್ತಿದ್ದೆ. ಮೊಗ್ಗು ಬಂತು.

ಅರಳಿದ ದಿನ ನೀನು ಪಾತಿಯ ಮುಂದೆ ಮೊಣಕಾಲೂರಿ ಕೂತು ನೋಡಿದೆ. ಒತ್ತೆಸಳಿನ ಹೂ. ಬಟ್ಟಲಿಲ್ಲ. ಪರಿಮಳ ಮಾತ್ರ ಹತ್ತಿರಹತ್ತಿರ ಅದೇ.

"ಹೋದ ವರ್ಷ ಹೀಗೆ ಇರ್ಲಿಲ್ಲ ಅಲ್ವಾ ಜಲಜಕ್ಕ?"

ದೇವರೇ ನನಗೆ ದಾರಿ ಮಾಡಿಕೊಟ್ಟ ಹಾಗಿತ್ತು; ಹೌದು ಎಂದು ಶುರುಮಾಡಿದ್ದರೆ ಸಾಕಿತ್ತು, ಉಳಿದದ್ದು ತಾನೇ ಬರುತ್ತಿತ್ತು. ನಾನು ಸುಮ್ಮನಿದ್ದೆ. ಕಡೆಗೆ ನೀನೇ ಹೇಳಿದೆ, "ಮಣ್ಣಿನೊಳಗೆ ಇದ್ದದ್ದಲ್ವಾ, ಬದಲಾಗಿರ್ಬೇಕು. ನಾನೂ ಬದಲಾಗಿದ್ದೇನಲ್ಲ." ಹಾಗೆ ಹೇಳಿ ಅತ್ತೆ. ಊರಿನಿಂದ ಬಂದ ಮೇಲೆ ನಿನ್ನ ಮೊದಲ ಅಳು ಅದು. ನಾನು ನಿನ್ನ ಬೆನ್ನು ಸವರುತ್ತಿದ್ದೆ — ಈ ಕೈಯಿಂದಲೇ.

ಆಗ ನಿನಗೆ ನನ್ನ ಗುಟ್ಟು ತಿಳಿದಿತ್ತೇ, ತಿಳಿದೂ ನನ್ನನ್ನು ಉಳಿಸಿದೆಯೇ ಎಂದು ಎಷ್ಟೋ ಸಲ ಅನ್ನಿಸಿದೆ. ಹಾಗಿದ್ದರೆ ನನಗೆ ಎಷ್ಟು ಅನುಕೂಲ ನೋಡು! ಆ ಅನುಕೂಲ ನನಗೆ ಬೇಡ. ನೀನು ನಂಬಿದ್ದೆ ಎಂದೇ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಉಮ್ಮು ಖಾಲಿದ್ ನನ್ನನ್ನು ಬೈಯಲಿಲ್ಲ. ಹೂ ನೋಡಲು ಬಂದಳು, ನಿನ್ನ ಕೆನ್ನೆಗೆ ಮುತ್ತಿಟ್ಟಳು, ನನ್ನ ಕೈಮೇಲೆ ಬಡಿದು ನಗಲಿಲ್ಲ. ಆಮೇಲೂ ಎಂದೂ ಹಾಗೆ ನಗಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಒಬ್ಬಳ ಒಳ್ಳೆಯದಕ್ಕೆ ಹೇಳಿದ ಸುಳ್ಳು ಎಂದಾದರೂ ಕರೆಯಬಹುದಿತ್ತು. ಮುಗಿಯಲಿಲ್ಲ. ನೀನು ಅದನ್ನು ಕಥೆ ಮಾಡಿದೆ. ಹೊಸದಾಗಿ ಬಂದ ಪ್ರತಿ ಹೆಂಗಸಿಗೂ ಎರಡು ಮರಿಗಡ್ಡೆ, ಜೊತೆಗೆ ಆ ಕಥೆ: ಮೇಲೆ ಬಸಳೆ ನೆಟ್ಟರೂ, ಬೇಸಿಗೆಯಿಡೀ ನೀರು ಬಿದ್ದರೂ ನನ್ನ ನರ್ಗಿಸ್ ಹಿಂದೆ ಬಂತು, ಬೇಕಾದರೆ ಜಲಜಕ್ಕನನ್ನು ಕೇಳಿ. ಅವರು ನನ್ನ ಕಡೆ ತಿರುಗುತ್ತಿದ್ದರು. ನಾನು ಹೌದು ಎನ್ನುತ್ತಿದ್ದೆ. ಮಂಜೇಶ್ವರದ ಆ ಹೆಂಗಸು ನೆನಪಿದೆಯೇ, ಮೂಲೆಮನೆಗೆ ಬಂದವಳು? ನಿನ್ನ ಮಾತು ನಂಬಿ ಗಡ್ಡೆಯ ಮೇಲೆ ಹರಿವೆ ಬಿತ್ತಿ ದಿನಾ ನೀರು ಹೊಯ್ದಳು. ಚಳಿಗಾಲದಲ್ಲಿ ಒಂದೂ ಬರಲಿಲ್ಲ. ನನ್ನ ಕೈಗುಣವೇ ಸರಿಯಿಲ್ಲ, ನಾನು ಮುಟ್ಟಿದ್ದು ಯಾವುದೂ ಉಳಿಯುವುದಿಲ್ಲ ಎಂದು ನನ್ನ ಅಡುಗೆಮನೆಯಲ್ಲೇ ಕೂತು ಅತ್ತಳು. ಅವಳಿಗೆ ಮಕ್ಕಳಾಗಿರಲಿಲ್ಲ. ನಾನು ಅವಳಿಗೆ ಚಹಾ ಕೊಟ್ಟೆ. ಚಹಾ ಮಾತ್ರ ಕೊಟ್ಟೆ, ಮೈಮೂನಾ.

ಅವಳನ್ನು ಹುಡುಕಿ ಹೇಳಲು ಈಗ ನನಗೆ ದಾರಿಯಿಲ್ಲ. ಶಮೀನಾಳಿಗೆ ಹಾಗಾಗಬಾರದು. ಕುಂಡದಲ್ಲಿ ಚಿಗುರು ಬಾರದಿದ್ದರೆ ಆ ಹುಡುಗಿ ತನ್ನ ಕೈಯನ್ನು, ತನ್ನ ಹೊಟ್ಟೆಯನ್ನು ಶಪಿಸಿಕೊಳ್ಳಬಾರದು. ಅವಳ ಕಣ್ಣೆದುರು ಕೂತು ಮತ್ತೊಮ್ಮೆ ಹೌದು ಎನ್ನಲು ನನ್ನಿಂದ ಆಗುವುದಿಲ್ಲ.

ಆದರೆ ಹೇಳಲು ನನ್ನ ಹತ್ತಿರ ಬರೀ ಸುಳ್ಳಿನ ಲೆಕ್ಕವಷ್ಟೇ ಇಲ್ಲ ಎಂದು ಬರೆಯುತ್ತ ಬರೆಯುತ್ತ ತಿಳಿಯಿತು. ನೀನು ಊರಿನಿಂದ ಬಂದ ಆ ಚಳಿಗಾಲದ ಹೂ ನನ್ನ ಕೈವಾಡ. ಮುಂದಿನ ವರ್ಷದ್ದಲ್ಲ. ಆ ಬೇಸಿಗೆ ನಾನು ಪಾತಿಯ ಹತ್ತಿರ ಸುಳಿಯಲೂ ಇಲ್ಲ, ಪೈಪಿನ ಮೇಲೆ ಕಣ್ಣಿಟ್ಟು ಕಾದೆ. ಸುಡು ಬಿಸಿಲು ಹೋಗಿ ಚಳಿ ಬಂದಾಗ ಯಾರೂ ಮುಟ್ಟದೆ, ಯಾರೂ ಕರೆಯದೆ ಅವು ತಾವಾಗಿ ಎದ್ದವು. ಮೊದಲಿಗಿಂತ ಒತ್ತಾಗಿ, ಅಕ್ಕಪಕ್ಕ ಮರಿಗಳ ಸಮೇತ. ಅದರ ಮುಂದಿನ ವರ್ಷವೂ ಬಂದವು. ಆ ಸಲ ನಿನ್ನ ಮಡಿಲಲ್ಲಿ ಶಮೀನಾ ಇದ್ದಳು. ಮೊದಲ ಸಲದ್ದು ಸುಳ್ಳಾದರೂ ಎರಡನೆಯ ಸಲದ್ದು ಸುಳ್ಳಲ್ಲ. ಇದನ್ನು ನನ್ನ ತಪ್ಪಿಗೆ ಮುಲಾಮಾಗಿ ಹಚ್ಚಿಕೊಳ್ಳುತ್ತಿಲ್ಲ. ಗಡ್ಡೆಗಳಿಗೆ ಸಲ್ಲಬೇಕಾದ್ದು ಸಲ್ಲಲಿ ಎಂದು ಬರೆದೆ.

ಓದಿ ಮುಗಿಸಿದ ಮೇಲೆ ನನ್ನನ್ನು ಬೈಯಬೇಕೆನಿಸಿದರೆ ಬೈಯಿ. ಮಾತು ಬಿಡಬೇಕೆನಿಸಿದರೆ ಬಿಡು, ಅಂಗಲಾಚುವುದಿಲ್ಲ. ಶಮೀನಾಳನ್ನು ನನ್ನಲ್ಲಿಗೆ ಕಳಿಸುವುದೂ ಬಿಡುವುದೂ ಈಗ ನಿನಗೆ ಬಿಟ್ಟದ್ದು. ಕಳಿಸಿದರೆ ಮೊದಲು ಊಟ ಹಾಕುತ್ತೇನೆ. ಆಮೇಲೆ ಇಲ್ಲಿ ಬರೆದದ್ದನ್ನೆಲ್ಲ, ನನ್ನ ಹೊಟ್ಟೆಕಿಚ್ಚಿನಿಂದ ಹಿಡಿದು, ಒಂದೂ ಬಿಡದೆ ಹೇಳುತ್ತೇನೆ. ಕುಂಡ ಬೋಳಾಗಿಯೇ ಉಳಿದರೆ ಅದು ಮಣ್ಣಿನ ದೋಷ, ಮಳೆಯ ದೋಷ, ಅವಳದ್ದಲ್ಲ ಎಂದು ಹೇಳುತ್ತೇನೆ. ಕೊನೆಯಲ್ಲಿ, ನಾನು ನಿಜವಾಗಿಯೂ ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ: ಮಗಳೇ, ನಿನ್ನ ಅಮ್ಮ ಎದ್ದು ಕೂತದ್ದು ಹೂ ಬಂದ ಮೇಲಲ್ಲ. ಪಾತಿ ಬೋಳಾಗಿದ್ದಾಗಲೇ ಅವಳು ಹಣ್ಣು ಸುಲಿದು ತಿಂದಳು, ತಲೆ ಬಾಚಿಕೊಂಡಳು, ನಿನ್ನ ಅಪ್ಪನಿಗೆ ಬೈದಳು.